ಪಾರಿಜಾತದ ಸವತಿಯರು: ಕೃಷ್ಣಾ-ಘಟಪ್ರಭಾ ಸೀಮೆಯ ಒಂದು ರಂಗಪರಂಪರೆ

ದೇವಲೋಕದ ವಸ್ತುವೊಂದು ಭೂಮಿಯ ಅರಮನೆಗೆ ಇಳಿದು ಬಂದು, ಅರಸನ ಒಲವು ಯಾರ ಪಾಲಿನದು ಎಂಬ ಪೈಪೋಟಿಯನ್ನು ರಾಣಿಯರ ನಡುವೆ ಹುಟ್ಟಿಸುವ ಕಥೆಗೆ ಉತ್ತರ ಕರ್ನಾಟಕ ಕೊಟ್ಟ ರಂಗರೂಪ ಶ್ರೀಕೃಷ್ಣ ಪಾರಿಜಾತ. ಗೋಕಾಕ ಸೀಮೆಯಲ್ಲಿ ಬೆಳೆದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜಾತ್ರೆಗಳಿಗೆ ಹರಡಿದ ಈ ಆಟವನ್ನು ವಿದ್ವಾಂಸರು ಸಣ್ಣಾಟದ ಗುಂಪಿಗೆ ಸೇರಿಸುತ್ತಾರೆ. ದೊಡ್ಡಾಟದ ಭಾರವಾದ ಕಿರೀಟ, ಭುಜಕೀರ್ತಿ, ಯುದ್ಧದ ಕುಣಿತಗಳನ್ನು ಬಿಟ್ಟು ಹಾಡು ಮತ್ತು ಮಾತನ್ನೇ ನೆಚ್ಚಿಕೊಂಡ ಬಯಲಾಟಕ್ಕೆ ಸಣ್ಣಾಟವೆಂದು ಹೆಸರು. ರಾಯಚೂರು ಕಡೆಯ ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ 19ನೆಯ ಶತಮಾನದಲ್ಲಿ ತಿದ್ದಿ, ಬೆಳೆಸಿ, ರಂಗಕ್ಕೆ ಒಗ್ಗಿಸಿದನೆಂಬುದು ಪರಂಪರೆ ಒಪ್ಪಿಕೊಂಡು ಬಂದ ಮಾತು.

ಕಥೆಯ ಮೂಲ ಹರಿವಂಶದ್ದು. ವಿಷ್ಣುಪುರಾಣದಲ್ಲಿ ಸತ್ಯಭಾಮೆ ಇಂದ್ರನ ಉದ್ಯಾನದಲ್ಲಿ ಪಾರಿಜಾತದ ಮರವನ್ನು ಕಂಡು ಬಯಸುತ್ತಾಳೆ. ಹರಿವಂಶದಲ್ಲಾದರೆ ನಾರದ ತಂದ ಒಂದೇ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುವುದರಿಂದ ಜಗಳ ಮೊದಲಾಗುತ್ತದೆ. ಬಯಲಾಟ ಹಿಡಿದದ್ದು ಈ ಎರಡನೆಯ ದಾರಿಯನ್ನು. ಆಯ್ಕೆ ಜಾಣತನದ್ದು, ಏಕೆಂದರೆ ಮೊದಲನೆಯದರಲ್ಲಿ ಇರುವುದು ಬರಿಯ ಆಸೆ, ಎರಡನೆಯದರಲ್ಲಿ ಇರುವುದು ಅವಮಾನ. ಒಬ್ಬಳಿಗೆ ತಂದ ಸೀರೆ ಇನ್ನೊಬ್ಬಳಿಗೆ ಬಾರದಿದ್ದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ಸೀರೆ ನೇಯುವ ರಬಕವಿ-ಬನಹಟ್ಟಿಯ ಪ್ರೇಕ್ಷಕರಿಗೆ ಆಟ ನಡೆಸುವ ಯಾವ ಭಾಗವತನೂ ಬಿಡಿಸಿ ಹೇಳಬೇಕಾಗಿಲ್ಲ.

ರಾಜಕುಲದ ವಿವಾಹಸ್ಪರ್ಧೆ ಕನ್ನಡ ಕಾವ್ಯಕ್ಕೆ ಹೊಸತಲ್ಲ. 941ರ ಆದಿಪುರಾಣದಲ್ಲಿ ಪಂಪ ಸುಲೋಚನೆಯ ಸ್ವಯಂವರವನ್ನು ವರ್ಣಿಸುತ್ತಾನೆ. ಅಲ್ಲಿ ಸಾಲುಗಟ್ಟಿ ಕುಳಿತವರು ಗಂಡಸರು, ಆರಿಸುವವಳು ಹೆಣ್ಣು, ಸೋತ ಅರ್ಕಕೀರ್ತಿಯದು ಯುದ್ಧಕ್ಕೆ ತಿರುಗುವ ಸಿಟ್ಟು. ಇಂಗ್ಲಿಷಿನ ಇಂದಿನ ಜನಪ್ರಿಯ ಕಾದಂಬರಿ ಈ ಏರ್ಪಾಡನ್ನು ತಲೆಕೆಳಗು ಮಾಡಿದೆ: ಕೀರಾ ಕ್ಯಾಸ್ ಬರೆದ 'ದಿ ಸೆಲೆಕ್ಷನ್' (2012) ಕಾದಂಬರಿಯಲ್ಲಿ ಒಬ್ಬ ರಾಜಕುಮಾರನಿಗಾಗಿ 35 ಹುಡುಗಿಯರು ಸ್ಪರ್ಧಿಸುತ್ತಾರೆ, ಅದೇ ಹಂದರವನ್ನು ಯಕ್ಷ-ಗಂಧರ್ವರಂಥ ಮಾಯಾಜೀವಿಗಳ ಅರಮನೆಗೆ ಒಯ್ದ ಕಥೆಗಳೂ ಬಂದಿವೆ. ಅಂಥ ಕಥೆಗಳು ಮದುವೆಯ ಹೊಸ್ತಿಲಲ್ಲಿ ನಿಲ್ಲುತ್ತವೆ. ಪಾರಿಜಾತ ಮದುವೆಯಾದ ಮೇಲೂ ತೀರದ ಸ್ಪರ್ಧೆಯನ್ನು ಎತ್ತಿಕೊಳ್ಳುತ್ತದೆ. ರುಕ್ಮಿಣಿ ತಾನೇ ಓಲೆ ಕಳಿಸಿ, ಶಿಶುಪಾಲನೊಡನೆ ನಿಶ್ಚಯವಾಗಿದ್ದ ಮದುವೆಯನ್ನು ಮುರಿದು ಬಂದವಳು. ಸತ್ಯಭಾಮೆಯಾದರೋ ಸ್ಯಮಂತಕ ಮಣಿಯ ಕಳವಿನ ಅಪವಾದವನ್ನು ಕೃಷ್ಣನ ಮೇಲೆ ಹೊರಿಸಿದ್ದ ಸತ್ರಾಜಿತ, ತಪ್ಪಿಗೆ ಪರಿಹಾರವೆಂಬಂತೆ ಧಾರೆಯೆರೆದು ಕೊಟ್ಟ ಮಗಳು. ಒಬ್ಬಳಿಗೆ ತಾನು ಒಲಿದು ಬಂದೆನೆಂಬ ನೆಮ್ಮದಿಯಿದ್ದರೆ, ಇನ್ನೊಬ್ಬಳಿಗೆ ಇರುವುದು ತವರಿನ ಸಿರಿ ಮತ್ತು ತನ್ನ ರೂಪದ ಬಿಂಕ ಮಾತ್ರ. ಹೂವಿನ ಜಗಳಕ್ಕೆ ಈ ಅಸಮತೆಯೇ ತಳಹದಿ.

ಆದ್ದರಿಂದ ಪರಂಪರೆಯ ಅತ್ಯುತ್ತಮ ಹಾಡುಗಾರಿಕೆಯೆಲ್ಲ ಹೂ ಸಿಕ್ಕವಳಿಗೆ ಹೋಗದೆ ಸಿಗದವಳಿಗೆ ಸಂದಿರುವುದು ಆಕಸ್ಮಿಕವಲ್ಲ. ಹಿಂದುಸ್ತಾನಿ ರಾಗಗಳ ಛಾಯೆಯುಳ್ಳ ಪದಗಳನ್ನು ಹಾರ್ಮೋನಿಯಂ, ತಬಲಾಗಳ ಜತೆಗೆ ಹಾಡುವ ಸತ್ಯಭಾಮೆ, ಪದ ಮುಗಿದೊಡನೆ ಕೆಳಗಿಳಿದು ಆಡುಮಾತಿನಲ್ಲಿ ದೂತಿಯೊಡನೆ ಮಾತಿಗೆ ಬೀಳುತ್ತಾಳೆ. ದೂತಿಯೆಂದರೆ ನಾಯಿಕೆಯ ಸಖಿ. ಮೇಳ ನಡೆಸುವ ಭಾಗವತನೇ ಎಷ್ಟೋ ಸಲ ಆ ಕೆಲಸವನ್ನೂ ವಹಿಸಿಕೊಂಡು, ಮಹಾರಾಣಿಯನ್ನು ಓಣಿಯ ಹೆಂಗಸೊಬ್ಬಳನ್ನು ಕೇಳುವಂತೆ 'ಯಾಕವ್ವಾ, ಏನಾತು?' ಎಂದು ಕೇಳಬಲ್ಲನು. ಪದ ಅವಳನ್ನು ದ್ವಾರಕೆಯಲ್ಲಿ ಇಡುತ್ತದೆ, ಮಾತು ಅವಳನ್ನು ಇದೇ ಸೀಮೆಯ ಲೋಕಾಪುರದ ಕಟ್ಟೆಗೆ ಎಳೆದು ತರುತ್ತದೆ. ಇಡೀ ಆಟದ ಜೀವ ಈ ಹೋಗಿಬರುವಿಕೆಯಲ್ಲಿದೆ.

ಕೊರವಂಜಿಯ ಪ್ರಸಂಗದಲ್ಲಿ ಈ ಹೋಗಿಬರುವಿಕೆ ತುದಿ ಮುಟ್ಟುತ್ತದೆ. ಕೊರವಂಜಿ ಎಂದರೆ ಬುಟ್ಟಿ ಹೊತ್ತು ಊರೂರು ತಿರುಗಿ ಕೈ ನೋಡಿ ಕಣಿ ಹೇಳುವವಳು. ಆ ವೇಷದಲ್ಲಿ ಕೃಷ್ಣನೇ ಮುನಿದ ಮಡದಿಯ ಬಾಗಿಲಿಗೆ ಬರುತ್ತಾನೆ. ಅವಳು ಅಂಗೈ ಚಾಚುತ್ತಾಳೆ, ಅವನು ಅದೇ ಕೈಯನ್ನು ಹಿಡಿದು ಅವಳ ಗಂಡನ ನಡತೆಯನ್ನು ಪರರ ಸುದ್ದಿಯೆಂಬಂತೆ ಹೇಳತೊಡಗುತ್ತಾನೆ. ಸೆರಗಿನ ಒಳಗೆ ಯಾರಿದ್ದಾರೆಂಬುದು ನೋಡುವವರಿಗೆ ತಿಳಿದಿದೆ, ಅವಳಿಗೊಬ್ಬಳಿಗೆ ತಿಳಿದಿಲ್ಲ. ದೇವರು ಹೆಣ್ಣಾಗಿ, ಅಲೆಮಾರಿಯಾಗಿ, ನೆಲದ ಮೇಲೆ ಕುಳಿತು ಕಾಳು ಬೇಡುವ ಈ ಗಳಿಗೆ ನಗೆಯದ್ದೂ ಹೌದು, ಮರ್ಯಾದೆಯ ಮೆಟ್ಟಿಲುಗಳನ್ನು ಒಂದು ರಾತ್ರಿಯ ಮಟ್ಟಿಗೆ ಅಳಿಸುವಂಥದ್ದೂ ಹೌದು. ಮುಧೋಳದ ಘೋರ್ಪಡೆ, ಜಮಖಂಡಿಯ ಪಟವರ್ಧನ ಮನೆತನಗಳು 1948ರವರೆಗೆ ಆಳಿದ ನೆಲದಲ್ಲಿ, ರಾಜನೊಬ್ಬ ಹೆಂಡತಿಯ ಮುನಿಸಿಗೆ ಹೀಗೆ ಮಣಿಯುವುದನ್ನು ಪ್ರಜೆಗಳು ಸಂತೋಷದಿಂದ ನೋಡಿರಲೇಬೇಕು.

ಪರಂಪರೆಯ ದೋಷವೂ ಇಲ್ಲಿಂದಲೇ ಆರಂಭ. ಇಷ್ಟು ಮಾತು, ಇಷ್ಟು ಪದ ಕೊಟ್ಟ ಮೇಲೂ ಆಟ ಸತ್ಯಭಾಮೆಯ ಸಂಕಟವನ್ನು ಕಡೆಗೆ ಗರ್ವವೆಂದೇ ತೀರ್ಮಾನಿಸಿ, ಗರ್ವಭಂಗವನ್ನು ಭಕ್ತಿಯ ಪಾಠವಾಗಿ ಮುಂದಿಡುತ್ತದೆ. ತೆಲುಗಿನಲ್ಲಿ 16ನೆಯ ಶತಮಾನದ ನಂದಿ ತಿಮ್ಮನ ತನ್ನ ಪಾರಿಜಾತಾಪಹರಣದಲ್ಲಿ ಮುನಿದ ಸತ್ಯಭಾಮೆ ಕಾಲಿಗೆರಗಿದ ಕೃಷ್ಣನ ತಲೆಯನ್ನೇ ಒದೆಯುವಂತೆ ಮಾಡಿದ್ದ; ಅಷ್ಟು ದೂರ ಹೋಗುವ ಎದೆ ಕನ್ನಡದ ಬಯಲಾಟಕ್ಕೆ ಬರಲಿಲ್ಲ. ಸವತಿಯರನ್ನು ಜಗಳಕ್ಕೆ ಹಚ್ಚಿದವನು ನಾರದ, ಹಂಚಿಕೆಯಲ್ಲಿ ತಪ್ಪಿದವನು ಕೃಷ್ಣ. ದಂಡ ತೆರುವವಳು ಮಾತ್ರ ಭಾಮೆ. ರುಕ್ಮಿಣಿಗಂತೂ ಸದ್ಗುಣದ ಹೊರತು ಬೇರೆ ಸ್ವಭಾವವನ್ನೇ ಕೊಟ್ಟಿಲ್ಲ, ಇದು ಇನ್ನೂ ದೊಡ್ಡ ನಷ್ಟ.

ಈ ಕೊರತೆಯನ್ನು ಪಠ್ಯ ತುಂಬಿಕೊಡಲಿಲ್ಲ, ನಟಿಯರು ತುಂಬಿಕೊಟ್ಟರು. ಗಂಡಸರೇ ಸೀರೆಯುಟ್ಟು ಆಡುತ್ತಿದ್ದ ರಂಗಕ್ಕೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬಂದ ಮೇಲೆ, ಭಾಮೆಯ ಸಿಟ್ಟಿಗೆ ಅಣಕದ ಸೋಗು ಕಳಚಿ ಅನುಭವದ ತೂಕ ಬಂದಿತು. ಇಡೀ ರಾತ್ರಿಯ ಆಟವನ್ನು ಉತ್ಸವದ ವೇದಿಕೆಗಾಗಿ ಎರಡು-ಮೂರು ಗಂಟೆಗೆ ಇಳಿಸುವಾಗ ಈ ತೂಕಕ್ಕೇ ಮೊದಲ ಪೆಟ್ಟು ಬೀಳುತ್ತದೆ. ಹಾಲು-ಮೊಸರು ಮಾರುವ ಗೊಲ್ಲತಿಯ ಹಾಸ್ಯ ಸುಲಭವಾಗಿ ಚಪ್ಪಾಳೆ ಗಿಟ್ಟಿಸುವುದರಿಂದ ಉಳಿಯುತ್ತದೆ, ನಿಧಾನಗತಿಯ ವಿರಹದ ಪದಗಳು ಕತ್ತರಿಗೆ ಸಿಗುತ್ತವೆ. ಕತ್ತರಿಸಲೇಬೇಕಾದರೆ ಮೊದಲು ಹೋಗಬೇಕಾದದ್ದು ಗೊಲ್ಲತಿಯ ಚೌಕಾಸಿ, ಆಮೇಲೆ ನಾರದನ ಉಪದೇಶ. ಭಾಮೆಯ ಪದಗಳು ಹೋದರೆ ಕೊರವಂಜಿ ಯಾರ ಬಾಗಿಲಿಗೆ, ಯಾತಕ್ಕೆ ಬಂದಳೆಂಬುದೇ ತಿಳಿಯದಂತಾಗುತ್ತದೆ.