ವಿಷಯಾಂತರಕ್ಕೆ ಸಮಾಧಾನಕರ ಬಹುಮಾನ

ಮೈಸೂರು ವಿಶ್ವವಿದ್ಯಾನಿಲಯಕ್ಕೆ ನೂರು ತುಂಬಿದ 2016ರಲ್ಲಿ ಕಾಲೇಜೊಂದು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಅಲ್ಲಿ ಇಲ್ಲಿ ಏನೋ ಬರೀತಾನೆ ಅನ್ನೋ ಒಂದೇ ಅರ್ಹತೆ ಮೇಲೆ ನನ್ನನ್ನೂ ತೀರ್ಪುಗಾರನಾಗಿ ಕರೆದರು. ಶನಿವಾರ ಆಫೀಸಿಗೆ ರಜೆ, ಮೈಸೂರು ಅಂದಮೇಲೆ ಒಂದು ಒಳ್ಳೆ ಮಸಾಲೆ ದೋಸೆಯಂತೂ ಗ್ಯಾರಂಟಿ. ಒಪ್ಕೊಂಡೆ.

ಕೊಟ್ಟ ವಿಷಯ: 'ನಾಡಿನ ಪ್ರಗತಿಗೆ ಮೈಸೂರು ವಿಶ್ವವಿದ್ಯಾನಿಲಯದ ಕೊಡುಗೆ'. ಬಂದಿದ್ದು ಮೂವತ್ತನಾಲ್ಕು ಪ್ರಬಂಧ. ಹತ್ತನೆಯದು ಮುಗಿಯೋ ಹೊತ್ತಿಗೆ ಹನ್ನೊಂದನೆಯದರಲ್ಲಿ ಏನಿರುತ್ತೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. 1916ರ ಜುಲೈ 27, ನಾಲ್ವಡಿಯವರ ದೂರದೃಷ್ಟಿ, ವಿಶ್ವೇಶ್ವರಯ್ಯನವರ ಶ್ರಮ, ಇಲ್ಲಿ ಪಾಠ ಮಾಡಿದ ರಾಧಾಕೃಷ್ಣನ್, ಇಲ್ಲಿ ಓದಿ ಇಲ್ಲೇ ಕುಲಪತಿಯಾದ ಕುವೆಂಪು. ಕೊನೆಯಲ್ಲಿ 'ಇಂದು ಹೆಮ್ಮರವಾಗಿ ಬೆಳೆದು ನಿಂತಿದೆ'. ಒಂದೂ ಸುಳ್ಳಲ್ಲ. ನಮ್ಮ ಅಪ್ರೈಸಲ್ ಫಾರ್ಮಿನಲ್ಲಿ ನಾವು ತುಂಬೋದೂ ಸುಳ್ಳಲ್ಲ ಬಿಡಿ. ಆದ್ರೆ ಅದನ್ನ ಓದಿ ನಾವು ವರ್ಷವಿಡೀ ಏನು ಒದ್ದಾಡಿದ್ವಿ ಅಂತ ಯಾರಿಗಾದ್ರೂ ಗೊತ್ತಾಗುತ್ತಾ?

ಹುಡುಗರನ್ನ ಬೈದು ಪ್ರಯೋಜನ ಇಲ್ಲ. 'ಕೊಡುಗೆ' ಅಂತ ಕೇಳಿದ್ರೆ ಪಟ್ಟಿನೇ ಬರೋದು. ಪಟ್ಟಿಯಲ್ಲಿ ಹೆಸರುಗಳಿರುತ್ತವೆ, ಆ ಹೆಸರಿನವರು ಎದುರಿಸಿದ ಪ್ರಶ್ನೆಗಳಿರಲ್ಲ. ಕುವೆಂಪು ಅವರನ್ನೇ ನೋಡಿ. ಕನ್ನಡನಾಡಿನ ಈ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೀತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡ ಎಂ.ಎ. ಶುರುವಾಗಿದ್ದೇ 1927ರಲ್ಲಿ, ಅಂದ್ರೆ ಹನ್ನೊಂದು ವರ್ಷ ಕಾದಮೇಲೆ. ಕುವೆಂಪು ಅದರ ಮೊದಲ ತಂಡದವರು. ಅವರೂ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದವರು. ನಿಮ್ಮ ಭಾಷೆಯಲ್ಲಿ ಬರೀರಿ ಅಂತ ಹೇಳೋಕೆ ಜೇಮ್ಸ್ ಕಸಿನ್ಸ್ ಅನ್ನೋ ಐರಿಷ್ ಕವಿ ಬೇಕಾಯ್ತು. 1956ರಲ್ಲಿ ಕುಲಪತಿ ಆದವರು ಜೀವನಪೂರ್ತಿ ಕನ್ನಡ ಮಾಧ್ಯಮಕ್ಕಾಗಿ ವಾದಿಸಿದರು. ಆ ವಾದ ಇನ್ನೂ ಮುಗಿದಿಲ್ಲ. ಮೂವತ್ತಮೂರು ಪ್ರಬಂಧಗಳಲ್ಲಿ ಅವರು ವಿಶ್ವವಿದ್ಯಾನಿಲಯದ ಕಿರೀಟಕ್ಕೆ ಒಂದು ಗರಿ, ಅಷ್ಟೇ.

ಮೂವತ್ತನಾಲ್ಕನೆಯದು ಒಬ್ಬ ಹುಡುಗಿಯದು. ಅವಳ ಅಪ್ಪ ಬಿ.ಎ.ನಲ್ಲಿ ಎಲ್ಲ ವಿಷಯ ಪಾಸು, ಇಂಗ್ಲಿಷ್ ಮಾತ್ರ ಮೂರು ಸಲ ಫೇಲು. ಆಮೇಲೆ ಊರಿಗೆ ಹೋಗಿ ಜಮೀನು ನೋಡ್ಕೊಂಡರಂತೆ. ಆ ಮಾರ್ಕ್ಸ್ ಕಾರ್ಡುಗಳನ್ನ ಇವತ್ತಿಗೂ ಟ್ರಂಕಿನಲ್ಲಿ ಜೋಪಾನ ಮಾಡಿದ್ದಾರೆ, ಯಾರಿಗೂ ತೋರಿಸಲ್ಲ. ಮಗಳನ್ನ ಮಾತ್ರ ಅದೇ ಬಿ.ಎ.ಗೆ ಸೇರಿಸಿದ್ದಾರೆ. 'ಓದು ನಮ್ಮ ಮನೆಗೆ ಏನು ಕೊಟ್ಟಿತು ಅಂತ ನನಗಿನ್ನೂ ಗೊತ್ತಾಗಿಲ್ಲ, ಅಪ್ಪನಿಗೆ ಗೊತ್ತಿರಬೇಕು' ಅಂತ ನಿಲ್ಲಿಸಿದ್ದಳು. ಕಾಗುಣಿತ ತಪ್ಪು ಬೇಕಾದಷ್ಟಿತ್ತು. ವಿಶ್ವೇಶ್ವರಯ್ಯನವರ ಹೆಸರೇ ಇರಲಿಲ್ಲ.

ಜೊತೆಗಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದು, "ಚೆನ್ನಾಗಿದೆ ಕಣ್ರೀ, ಆದ್ರೆ ವಿಷಯಾಂತರ ಆಯ್ತಲ್ಲ" ಅಂದರು. ಅಂಕಪಟ್ಟಿಯಲ್ಲಿ 'ವಿಷಯ ನಿರೂಪಣೆ'ಗೆ ನಲವತ್ತು ಅಂಕ. ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ, ಐದು ಗಂಟೆ ಬಸ್ಸಿಗೆ ಟಿಕೆಟ್ ಬುಕ್ಕಾಗಿತ್ತು. ಹೆಮ್ಮರಕ್ಕೆ ಮೊದಲ ಬಹುಮಾನ, ಹುಡುಗಿಗೆ ಸಮಾಧಾನಕರ ಬಹುಮಾನ ಕೊಟ್ಟು ಸಹಿ ಹಾಕಿ ಬಂದೆ.

ಇನ್ನೊಂದು ಸಂಸ್ಥೆಗೆ ಐವತ್ತೋ ನೂರೋ ತುಂಬಿದಾಗ ಸ್ಪರ್ಧೆ ಇಡುವವರಲ್ಲಿ ಒಂದು ವಿನಂತಿ. ಸಂಸ್ಥೆಯ ಕೊಡುಗೆ ಕೇಳಬೇಡಿ, ಅದು ಆಹ್ವಾನಪತ್ರಿಕೆಯಲ್ಲೇ ಇರುತ್ತೆ. ನಿಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಯಾರು, ಆಮೇಲೆ ಏನಾಯ್ತು ಅಂತ ಕೇಳಿ. ತೀರ್ಪುಗಾರರಿಗೆ ರಾತ್ರಿ ಬಸ್ಸು ಬುಕ್ ಮಾಡಿ.