ಕಳಸದಲ್ಲಿ ಎರಡು ರಾತ್ರಿ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಟೆಂಪೊ ಟ್ರಾವೆಲರ್ ಬೆಳಕು ಹರಿಯುವ ಹೊತ್ತಿಗೆ ಸಂಸೆಯಲ್ಲಿರುತ್ತದೆ. ನಿದ್ದೆಗಣ್ಣಲ್ಲೇ ಜೀಪು ಹತ್ತಿ ಮುಳ್ಳೋಡಿಗೆ, ಅಲ್ಲಿಂದ ಕುದುರೆಮುಖದ ತುದಿಗೆ, ಕತ್ತಲಾಗುವುದರೊಳಗೆ ಮತ್ತೆ ಗಾಡಿಗೆ. ಕುದುರೆಮುಖ ಹತ್ತಿದೆವು ಎನ್ನುವ ಬಹಳಷ್ಟು ಜನರ ಚಾರಣ ನಡೆಯುವುದು ಹೀಗೆ. ಬೆಟ್ಟವನ್ನೇನೋ ಅವರು ಹತ್ತಿದ್ದಾರೆ. ಆದರೆ ಕಳಸದಲ್ಲಿ ತಂಗದೆ, ಬೆಟ್ಟದಿಂದಿಳಿದ ನೀರು ಊರನ್ನು ಬಳಸಿ ಹೋಗುವುದನ್ನು ನೋಡದೆ ಮರಳಿದವರಿಗೆ ಆ ಬೆಟ್ಟ ಅರ್ಧ ಮಾತ್ರ ದಕ್ಕಿದೆ ಎಂದೇ ನನ್ನ ನಂಬಿಕೆ.

ಕಳಸ ಪುಟ್ಟ ಪೇಟೆ. ಕಾಫಿ, ಅಡಿಕೆ ತೋಟಗಳ ನಡುವೆ, ಮೂರು ದಿಕ್ಕಿನಲ್ಲಿ ಭದ್ರೆಯನ್ನು ಇಟ್ಟುಕೊಂಡು ಕೂತಿದೆ. ಮೆಟ್ಟಿಲೇರಿದರೆ ಕಳಸೇಶ್ವರನ ಗುಡಿ. ಹೊಳೆಯ ಉದ್ದಕ್ಕೂ ಪಂಚತೀರ್ಥಗಳು. ಮೊದಲ ದಿನದ ಮಧ್ಯಾಹ್ನಕ್ಕೆ ಅಂಬಾತೀರ್ಥದ ನಡಿಗೆಯೇ ಸಾಕು. ಭದ್ರೆ ಅಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ದೊಡ್ಡ ಕಲ್ಲು ಅಲ್ಲೇ ಇದೆ. ಆ ನೀರನ್ನು ಚೆನ್ನಾಗಿ ನೋಡಿಕೊಳ್ಳಿ. ಮರುದಿನ ನೀವು ಮೊಣಕಾಲುದ್ದ ದಾಟುವ ಹಳ್ಳಗಳು ಬಂದು ಸೇರುವುದು ಈ ಹೊಳೆಗೇ.

ಕುದುರೆಮುಖದ ದಾರಿ ಹೋಗಿ ಬರಲು ಸುಮಾರು 20 ಕಿಲೋಮೀಟರ್. ತುದಿಯ ಎತ್ತರ 1,890 ಮೀಟರಿಗೂ ಮೇಲೆ. ದೂರ ಕೇಳಿ ಹೆದರಬೇಕಿಲ್ಲ, ಏರು ಒಂದೇ ಸಮನೆ ಕಾಡುವುದಿಲ್ಲ. ಮೊದಲು ತೋಟ, ಹಳ್ಳ, ಕಾಡು. ಒಂಟಿಮರ ದಾಟಿದ ಮೇಲೆ ಹುಲ್ಲು. ನಾನು ಈ ದಾರಿಗೆ ಸೋತಿರುವುದು ಇಲ್ಲಿಂದ ಮುಂದಕ್ಕೆ. ಗುಡ್ಡದ ಬೆನ್ನೆಲ್ಲ ಬರೀ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ನಡುವೆ ಪೊದೆ, ಕುರುಚಲು ಎಂಬ ಅಂತರವೇ ಇಲ್ಲ. ಒಂದು ಹೆಜ್ಜೆ ಬಿಸಿಲಲ್ಲಿದ್ದರೆ ಮುಂದಿನ ಹೆಜ್ಜೆ ನೆರಳಲ್ಲಿ, ಪಾಚಿ ಹಿಡಿದ ಕಾಂಡಗಳ ನಡುವೆ, ತಣ್ಣಗಿನ ಗಾಳಿಯಲ್ಲಿ. ಶೋಲಾ ಎನ್ನುವುದು ಈ ಕಾಡನ್ನೇ. ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಜೋರು. ಮಡಿಕೆಯಲ್ಲಿ ಮಣ್ಣೂ ನಿಲ್ಲುತ್ತದೆ, ತೇವವೂ ನಿಲ್ಲುತ್ತದೆ. ಮಳೆಗಾಲದ ನೀರನ್ನು ಈ ಹುಲ್ಲೂ ಕಾಡೂ ಕೂಡಿ ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳಗಳು ಹರಿಯುತ್ತವೆ. ಹುಲ್ಲುಗಾವಲನ್ನು ಕಂಡು ಇಲ್ಲಿ ಮರ ನೆಡಬಾರದೇ ಎಂದು ಕೇಳುವವರು ಈಗಲೂ ಇದ್ದಾರೆ. ನೆಡಬಾರದು. ಅದು ಬರಿದಾದ ನೆಲವಲ್ಲ, ಹುಲ್ಲೇ ಅಲ್ಲಿನ ಸಂಪತ್ತು.

ತುದಿಯ ಸನಿಹ ಹಳೆಯ ಕಟ್ಟಡದ ಪಾಳುಗೋಡೆಗಳಿವೆ. ಅವನ್ನು ದಾಟಿ ಅಂಚಿಗೆ ಬಂದರೆ ಪಡುವಣಕ್ಕೆ ನೆಲ ಒಮ್ಮೆಗೇ ಕುಸಿದು ಕರಾವಳಿಗೆ ಇಳಿಯುತ್ತದೆ. ಈ ಏಣು ನೀರನ್ನು ಎರಡು ಪಾಲು ಮಾಡುತ್ತದೆ. ಇತ್ತ ಬಿದ್ದ ಹನಿ ಭದ್ರೆಗೆ ಸೇರಿ, ಕೂಡಲಿಯಲ್ಲಿ ತುಂಗೆಯೊಡನೆ ಒಂದಾಗಿ, ಕೃಷ್ಣೆಯ ಜತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅತ್ತ ಬಿದ್ದದ್ದು ನೇತ್ರಾವತಿಯಾಗಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಮಂಜು ಮುಚ್ಚಿ ಏನೂ ಕಾಣದ ದಿನವೂ ಈ ಜಾಗದಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಯಾವಾಗ ಹೋಗಬೇಕು ಎಂದು ಕೇಳಿದರೆ ದಸರೆಯಿಂದ ಡಿಸೆಂಬರ್ ನಡುವೆ ಎನ್ನುತ್ತೇನೆ. ಜುಲೈಯ ಮಳೆಯಲ್ಲಿ ನಡೆಯುವವರ ಉತ್ಸಾಹಕ್ಕೆ ನನ್ನ ತಕರಾರಿಲ್ಲ, ಆದರೆ ಆ ತಿಂಗಳಲ್ಲಿ ಇಂಬಳವನ್ನೂ ಜಾರುವ ಬಂಡೆಯನ್ನೂ ನೋಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ. ಹುಲ್ಲು ಒಣಗಿ ಬೆಂಕಿಯ ಭಯ ಬರುವ ಬೇಸಿಗೆಯಲ್ಲಿ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ, ಅದು ಸರಿಯಾದದ್ದೇ. ಉಳಿದಂತೆ ಮುಂಗಡ ಟಿಕೆಟ್ ಬೇಕು, ಊರಿನ ಗೈಡ್ ಜತೆಗಿರಬೇಕು, ರಾತ್ರಿ ಮೇಲೆ ತಂಗುವಂತಿಲ್ಲ. ವಾರದ ನಡುವಿನ ದಿನ ಸಿಕ್ಕರೆ ಬಿಡಬೇಡಿ. ಗೈಡನ್ನು ದಾರಿ ತೋರಿಸಲು ಮಾತ್ರ ಬಳಸಬೇಡಿ. ಸಿಂಗಳೀಕಗಳ ಕೂಗು ಎಲ್ಲಿಂದ ಬರುತ್ತಿದೆ, ಗುರಗಿ ಈ ಸಲ ಎಲ್ಲಿ ಹೂಬಿಟ್ಟಿದೆ, ಯಾವ ಹಳ್ಳ ಈ ವರ್ಷ ದಾರಿ ಬದಲಿಸಿತು, ಕೇಳಿ.

ಮೂರನೆಯ ದಿನಕ್ಕೆ ಕುರಿಂಜಾಲು. ದಣಿದ ಕಾಲಿಗೆ ಒಗ್ಗುವ, ಬಹುಪಾಲು ಅಗಲವಾದ ಹಾದಿ. ಅಲ್ಲಿಗೆ ಹೋಗುವಾಗ ಸಿಗುವ ಕುದುರೆಮುಖ ಪಟ್ಟಣದ ಖಾಲಿ ಮನೆಗಳನ್ನು ನೋಡದೆ ದಾಟಬೇಡಿ. ಕಬ್ಬಿಣದ ಅದಿರಿನ ಗಣಿಗಾಗಿ ಕಟ್ಟಿದ ಊರು ಅದು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಗೆ. ಗಣಿಯ ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲಿದೆ. ಈ ಬೆಟ್ಟಗಳ ಮೇಲೆ ಕಾಲಿಡುವಾಗ ಅದು ನೆನಪಿನಲ್ಲಿರಬೇಕು.

ಇನ್ನೊಂದು ಮಾತು ಹೇಳಲೇಬೇಕು. ಹುಲ್ಲಿನ ಏರಿನಲ್ಲಿ ಕಾಲುದಾರಿ ಕೆಸರಾದಾಗ ಜನ ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಸ್ವಲ್ಪ ದಿನಕ್ಕೆ ಅಲ್ಲೂ ಹುಲ್ಲು ಸತ್ತು ಎರಡನೆಯ ದಾರಿ, ಅದರ ಪಕ್ಕ ಮೂರನೆಯದು. ಬೇರಿನ ಹಿಡಿತ ತಪ್ಪಿದ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗಿ, ದಾರಿಗಳೆಲ್ಲ ಸೇರಿ ಒಂದು ಕೊರಕಲಾಗುತ್ತದೆ. ಒಂಟಿಮರದ ಮೇಲಿನ ಏರಿನಲ್ಲಿ ಕಣ್ಣಾಡಿಸಿದರೆ ನಿಮಗೇ ಕಾಣುತ್ತದೆ. ಹಾಗಾಗಿ ಹಿಡಿತವಿರುವ ಬೂಟು, ಒಂದು ಕೋಲು ತನ್ನಿ. ಕೆಸರಿದ್ದರೂ ಹಳೆಯ ದಾರಿಯಲ್ಲೇ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಹಿಂದೆ ಬರುವ ಗುಂಪಿಗೂ ಇದನ್ನು ಹೇಳಿ.