ಏಟು ತಪ್ಪಿದ್ದು ಯಾರದು?

ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ತಮ್ಮ ಫೋನಿನಲ್ಲಿ ಬಿಜಿಎಂಐ ಎಂಬ ಬಂದೂಕಿನ ಕಾಳಗದ ಆಟವನ್ನು ರಾತ್ರಿಯಿಡೀ ಆಡಿದರೂ ದಣಿಯುವವನಲ್ಲ. ಅದೇ ಹುಡುಗನಿಗೆ ಒಂದು ಒಳ್ಳೆಯ ಆರ್‌ಪಿಜಿ, ಅಂದರೆ ಪಾತ್ರವೊಂದನ್ನು ವಹಿಸಿಕೊಂಡು ಆಡುವ ಆಟ, ಹಾಕಿಕೊಟ್ಟರೆ ಹತ್ತು ನಿಮಿಷಕ್ಕೆ ಆಕಳಿಸುತ್ತಾನಂತೆ. ಯಾಕೆ ಹೀಗೆ?

ಸಿದ್ಧ ಉತ್ತರವೊಂದು ಚಾಲ್ತಿಯಲ್ಲಿದೆ: ಕತೆ ಬೇಕಾದವರಿಗೆ ಆರ್‌ಪಿಜಿ, ಬಡಿದಾಟ ಬೇಕಾದವರಿಗೆ ಉಳಿದದ್ದು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆಂದು ಅಂಕಣದ ಹಳೆಯ ಓದುಗರಿಗೆ ಗೊತ್ತು. ಭೈರಪ್ಪನವರ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಕೆಳಗಿಡದ ಗೆಳೆಯರು ನನಗಿದ್ದಾರೆ. ಆರ್‌ಪಿಜಿಯನ್ನು ಅವರು ಕಣ್ಣೆತ್ತಿ ನೋಡುವುದಿಲ್ಲ. ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕ ಮುಟ್ಟದ ಹುಡುಗರು ತಿಂಗಳುಗಟ್ಟಲೆ ಅದರೊಳಗೇ ಬಿದ್ದಿರುತ್ತಾರೆ. ಇನ್ನು ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಜಾತಿಗಳಿಗೆ ಹಂಚಿದ ಪ್ರಬಂಧವಿದೆ: ಸಾಧಿಸುವವರು, ಸುತ್ತಿ ನೋಡುವವರು, ಬೆರೆಯುವವರು, ಕೊಲ್ಲುವವರು. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಜೊತೆ ಮಡ್ ಎಂಬ ಬಹುಜನರ ಆಟ ಕಟ್ಟಿದ ಮನುಷ್ಯ ಆತ. ಅಲ್ಲಿ ಗುಂಪುಗೂಡಿದವರನ್ನು ನೋಡಿ ಹೇಳಿದ್ದನ್ನು ಕೋಣೆಯಲ್ಲಿ ಒಬ್ಬನೇ ಕೂತು ಆಡುವವನ ಮೇಲೆ ಹೇರಿ ಏನು ಪ್ರಯೋಜನ?

ನನ್ನ ಉತ್ತರ ಬೇರೆ. ಅದಕ್ಕೆ ಮಾರೋವಿಂಡ್‌ಗೇ ಹೋಗಬೇಕು. (ಮತ್ತೆ ಮಾರೋವಿಂಡೇ ಎಂದು ಗೊಣಗುವವರು ಪಕ್ಕದ ಪುಟದ ಪದಬಂಧ ಬಿಡಿಸಬಹುದು.)

2002ರ ಆಟ. ಕೈದಿಯಾಗಿ ಹಡಗಿನಲ್ಲಿ ಬಂದ ನಮ್ಮನ್ನು ಸೇಡಾ ನೀನ್ ಎಂಬ ಜೌಗು ಊರಿನಲ್ಲಿ ಇಳಿಸುತ್ತಾರೆ. ಹೆಸರು, ಕುಲ, ಕಸುಬು, ಹುಟ್ಟಿದ ನಕ್ಷತ್ರ ಎಲ್ಲ ಬರೆಸಿಕೊಂಡು ಬಿಡುಗಡೆ ಕೊಡುತ್ತಾರೆ. ಬಾಲ್ಮೋರಾ ಎಂಬ ಪಟ್ಟಣಕ್ಕೆ ಹೋಗಿ ಕೈಯಸ್ ಕೊಸೇಡಿಸ್ ಎಂಬಾತನಿಗೆ ಒಂದು ಕಟ್ಟು ಕಾಗದ ಮುಟ್ಟಿಸಬೇಕು, ಅಷ್ಟೇ ಕೆಲಸ. ಹೊಸಬ ಕಚೇರಿಯಲ್ಲಿ ಸಿಕ್ಕ ಚೂರಿ ಎತ್ತಿಕೊಂಡು ಓಡುತ್ತಾನೆ. ಎಲ್ಲ ಹೊಸಬರೂ ಓಡುತ್ತಾರೆ. ದಾರಿಯಲ್ಲಿ ಒಂದು ಇಲಿ ಅಡ್ಡ ಬರುತ್ತದೆ. ಚೂರಿ ಬೀಸುತ್ತಾನೆ. ಅದು ಇಲಿಯ ಮೈಯನ್ನು ಹಾದು ಹೋದದ್ದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಇಲಿಗೆ ಮಾತ್ರ ಏನೂ ಆಗಿಲ್ಲ. ಮತ್ತೆ ಬೀಸುತ್ತಾನೆ, ಗಾಳಿ ಸೀಳಿದ ಸದ್ದಷ್ಟೆ ಬರುತ್ತದೆ. ಇಲಿ ಕಚ್ಚುವುದನ್ನು ನಿಲ್ಲಿಸುವುದಿಲ್ಲ.

ಆಗಿದ್ದು ಇಷ್ಟು. ಪರದೆಯ ಹಿಂದೆ ದಾಳ ಉರುಳಿದೆ. ಈ ಆಟದಲ್ಲಿ ಕಸುಬಿನ ಮುಖ್ಯ ವಿದ್ಯೆಗಳು 30ರಿಂದ, ಉಪವಿದ್ಯೆಗಳು 15ರಿಂದ, ಉಳಿದವೆಲ್ಲ 5ರಿಂದ ಶುರುವಾಗುತ್ತವೆ. ಕುಲಕ್ಕೆ ತಕ್ಕಂತೆ ಒಂದಿಷ್ಟು ಕೂಡುತ್ತದೆ. ಕೊಡಲಿ ಕಲಿತವನು ಚೂರಿ ಹಿಡಿದರೆ ಅವನಿಗೆ 5ರ ಪಾಡು. ಅದರ ಮೇಲೆ, ಊರಿನಿಂದ ಓಡಿಕೊಂಡೇ ಬಂದು ದಮ್ಮು ತೋರಿಸುವ ಹಸಿರು ಪಟ್ಟಿ ತಳ ಕಂಡಿದೆ. ದಣಿದವನ ಏಟು ಇನ್ನಷ್ಟು ತಪ್ಪುತ್ತದೆ. ಲೆಕ್ಕದಲ್ಲಿ ಅನ್ಯಾಯವೇನೂ ಇಲ್ಲ.

ಆಟಗಾರರು ಎರಡಾಗಿ ಒಡೆಯುವುದು ಈ ಇಲಿಯ ಮುಂದೆ. ನಾನು ಸರಿಯಾಗಿಯೇ ಹೊಡೆದೆ, ಆಟ ಮೋಸ ಮಾಡಿತು ಎನ್ನುತ್ತಾನೆ ಒಬ್ಬ. ಈ ಬಡಪಾಯಿಗೆ ಚೂರಿ ಹಿಡಿಯಲು ಬರುವುದಿಲ್ಲ, ಪಾಪ ಎನ್ನುತ್ತಾನೆ ಇನ್ನೊಬ್ಬ. ಮೊದಲನೆಯವನಿಗೆ ಪರದೆಯ ಮೇಲೆ ಕಾಣುವ ಕೈ ತನ್ನದೇ ಕೈ. ಎರಡನೆಯವನಿಗೆ ಅದು ಬೇರೊಬ್ಬನದು, ತನಗೆ ಸ್ವಲ್ಪ ಹೊತ್ತು ಒಪ್ಪಿಸಿದ್ದು. ಆರ್‌ಪಿಜಿ ಹಿಡಿಸುವುದು ಈ ಎರಡನೆಯವನಿಗೆ. ಬುದ್ಧಿ, ತಾಳ್ಮೆ, ಸಾಹಿತ್ಯಾಭಿರುಚಿ ಇವೆಲ್ಲ ಆಮೇಲಿನ ಮಾತು.

ಮೊದಲನೆಯವನನ್ನು ನಾನು ಹಗುರಾಗಿ ನೋಡುತ್ತಿಲ್ಲ. ಬಿಜಿಎಂಐಯಲ್ಲಿ ಬಂದೂಕು ಮೇಲಕ್ಕೆ ಜಿಗಿಯುವುದನ್ನು ಹೆಬ್ಬೆರಳಿನಿಂದ ಕೆಳಗೆಳೆದು ಹಿಡಿಯಲು ಎಷ್ಟು ರಿಯಾಜು ಬೇಕೆಂದು ಆಡಿದವರಿಗೆ ಗೊತ್ತು. ಪಳಗಿದ್ದು ಅವನದೇ ಹೆಬ್ಬೆರಳು. ಫೋನು ಬದಲಾದರೂ ಆ ಪಳಗಿಕೆ ಅವನ ಜೊತೆಗಿರುತ್ತದೆ. ಅಂಥವನು ಗುರಿಯಿಟ್ಟು ಹೊಡೆದ ಏಟನ್ನು ಒಂದು ಅಂಕಿ ಬಂದು ತಪ್ಪಿಸಿದರೆ ಅದು ಅವಮಾನವೇ ಸರಿ.

ಜಗಳದ ಬೇರು ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಆಟ ನಡೆದದ್ದು ಮೇಜಿನ ಸುತ್ತ. ಕೂತವರು ಕತ್ತಿ ಬೀಸುವಂತಿರಲಿಲ್ಲ, ಹಾಗಾಗಿ ಅವರ ಪರವಾಗಿ ದಾಳ ಬೀಸಿತು. ಕಂಪ್ಯೂಟರ್ ಬಂದ ಮೇಲೆ ಕತ್ತಿಯನ್ನು ನಾವೇ ಬೀಸುವಂತಾಯಿತು. ಎಷ್ಟೋ ಆಟಗಳಲ್ಲಿ ದಾಳವನ್ನು ಮಾತ್ರ ಮೇಜಿನಿಂದ ಎತ್ತಿಡಲಿಲ್ಲ. ಒಂದೇ ಏಟಿಗೆ ಇಬ್ಬರು ಯಜಮಾನರಾದರು.

ಆ ದಾಳವನ್ನು ಎತ್ತಿಟ್ಟದ್ದು ಮಾರೋವಿಂಡ್ ಸರಣಿಯ ಮುಂದಿನ ಆಟ, 2006ರ ಆಬ್ಲಿವಿಯನ್. ಅದರಲ್ಲಿ ಕತ್ತಿ ತಾಗಿದರೆ ತಾಗಿತು, ವಿದ್ಯೆ ಕಡಿಮೆಯಿದ್ದರೆ ಗಾಯ ಚಿಕ್ಕದು, ಅಷ್ಟೆ. ಸಾಲದ್ದಕ್ಕೆ ದಿಕ್ಸೂಚಿಯ ಮೇಲೊಂದು ಗುರುತು ಬಂತು: ಹೋಗಬೇಕಾದ ಬಾಗಿಲು ಇದೇ, ಬಾ. ಮಾರೋವಿಂಡ್‌ನಲ್ಲಿ ಜನ ದಾರಿ ಹೇಳುತ್ತಿದ್ದುದು ನಮ್ಮೂರಿನವರು ಹೇಳುವ ಹಾಗೆ. ಸೇತುವೆ ದಾಟಿ, ಹೊಳೆ ಬದಿಯಲ್ಲೇ ಹೋಗಿ, ಆಮೇಲೆ ಯಾರನ್ನಾದರೂ ಕೇಳಿ ಎಂಬ ಧಾಟಿ. ಎಷ್ಟೋ ಸಲ ದಾರಿ ತಪ್ಪುತ್ತಿತ್ತು, ತಪ್ಪಿದಲ್ಲಿ ಬೇರೇನೋ ಸಿಗುತ್ತಿತ್ತು. ದಿಕ್ಸೂಚಿಯ ಗುರುತಿನ ಪಂಥದವರು ಆ ಗುರುತನ್ನೇ ಸುಧಾರಣೆ ಎಂದು ಇಷ್ಟು ವರ್ಷ ನನಗೆ ಪಾಠ ಹೇಳಿದ್ದಾರೆ. ಎರಡೂ ಆಟಗಳ ಮುಖ್ಯ ವಿನ್ಯಾಸಕ ಕೆನ್ ರೋಲ್‌ಸ್ಟನ್ ಒಬ್ಬರೇ ಎಂದು ಅವರು ಚುಚ್ಚುವುದೂ ಉಂಟು. ಇರಲಿ. ಒಬ್ಬನೇ ಅಡುಗೆಯವನು ಹಬ್ಬದೂಟವನ್ನೂ ಮಾಡುತ್ತಾನೆ, ಪಥ್ಯದೂಟವನ್ನೂ ಮಾಡುತ್ತಾನೆ.

ಇಲ್ಲಿಂದ ಎಲ್ಡನ್ ರಿಂಗ್ ಆರ್‌ಪಿಜಿ ಹೌದೋ ಅಲ್ಲವೋ ಎಂಬ ವ್ಯಾಜ್ಯಕ್ಕೆ ಹೋಗಬೇಕೆಂದಿದ್ದೆ. ಅದರಲ್ಲಿ ಅಂಕಿಗಳೇನೋ ಬೇಕಾದಷ್ಟಿವೆ, ಆದರೆ ಶತ್ರುವಿನ ಏಟು ಬರುವ ಕ್ಷಣಕ್ಕೆ ಸರಿಯಾಗಿ ಉರುಳಬೇಕಾದದ್ದು ನಮ್ಮ ಬೆರಳೇ. ಬಿಜಿಎಂಐ ಹುಡುಗನಿಗೆ ಅದು ಹಿಡಿಸಬಹುದು. ವ್ಯಾಜ್ಯ ಅಲ್ಲಿಗೆ ಬಿಡೋಣ, ಯಾಕೆಂದರೆ ಆ ಎರಡನೆಯ ಆಟಗಾರನ ಬಗ್ಗೆ ಬರೆಯುತ್ತಿರುವಾಗ ಯಕ್ಷಗಾನದ ತಾಳಮದ್ದಳೆ ನೆನಪಾಯಿತು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆ ಉಟ್ಟು ಕೂತ ಅರ್ಥಧಾರಿ ಅದಕ್ಕೆ ಆಶುವಾಗಿ ಅರ್ಥ ಹೇಳುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ವಾಲಿ ಸಾಯುತ್ತಾನೆಂದು ಕೂಟಕ್ಕೆ ಬಂದ ಮಗುವಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತರೆ ಜನ ಏಳುತ್ತಿರಲಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಏನೇನು ಕೇಳುತ್ತಾನೆ ಎಂಬುದರಲ್ಲೇ ಎಲ್ಲ ಇತ್ತು. ಬಾಣವನ್ನು ತಪ್ಪಿಸಿಕೊಳ್ಳುವ ಅಧಿಕಾರ ಅರ್ಥಧಾರಿಗೆ ಇಲ್ಲ. ಇವತ್ತು ವಾಲಿಯಾದವನು ಇನ್ನೊಂದು ಕೂಟದಲ್ಲಿ ರಾಮನಾಗಿ ಕೂತು, ವಾಲಿಯ ಅದೇ ಪ್ರಶ್ನೆಗಳನ್ನು ಕತ್ತರಿಸಿ ಹಾಕಬೇಕು. ಸ್ವಂತ ವಿದ್ವತ್ತಿನ ಹಟಕ್ಕೆ ಬಿದ್ದು, ಪಾತ್ರ ಸೋಲಬೇಕಾದಲ್ಲಿ ಸೋಲದೆ ಜಗ್ಗುವ ಅರ್ಥಧಾರಿಗಳೂ ಇದ್ದಾರೆ. ವಾದದಲ್ಲಿ ಅವರು ಗೆಲ್ಲುತ್ತಾರೆ, ಕೂಟ ಕೆಡುತ್ತದೆ. ರಸಿಕರು ಮನೆಗೆ ಹೋಗುತ್ತ ಬೈದುಕೊಳ್ಳುತ್ತಾರೆ.

ಪಾತ್ರಕ್ಕಾಗಿ ಸೋಲಬಲ್ಲವನೇ ನನ್ನ ಎರಡನೆಯ ಆಟಗಾರ. ಅಂಥವನಿಗೆ ಹೇಳಿ ಮಾಡಿಸಿದ್ದು 2019ರ ಡಿಸ್ಕೋ ಎಲಿಸಿಯಂ. ಕುಡಿದು ನೆನಪನ್ನೆಲ್ಲ ಕಳೆದುಕೊಂಡ ಪತ್ತೇದಾರನೊಬ್ಬ ಹೋಟೆಲು ಕೋಣೆಯ ನೆಲದ ಮೇಲೆ ಎಚ್ಚರಗೊಳ್ಳುತ್ತಾನೆ. ಫ್ಯಾನಿನಲ್ಲಿ ಅವನ ಟೈ ತಿರುಗುತ್ತಿದೆ. ದೇಹಬಲಕ್ಕೆ ಅಂಕ ಕೊಡದೆ ಆಟ ಶುರು ಮಾಡಿದ್ದರೆ, ಆ ಟೈ ಎಳೆಯಲು ಹೋಗಿ ಹೃದಯಾಘಾತವಾಗಿ ಸಾಯಬಹುದು. ದೀಪ ಹಾಕಿಯೂ ಸಾಯಬಹುದು. ಅವನ 24 ಗುಣಗಳು ತಲೆಯೊಳಗೆ ಒಂದೊಂದು ದನಿಯಾಗಿ ಮಾತಾಡುತ್ತವೆ, ಜಗಳಾಡುತ್ತವೆ, ಕೆಟ್ಟ ಸಲಹೆ ಕೊಡುತ್ತವೆ. ಎರಡು ದಾಳ ಉರುಳುತ್ತವೆ. ಸೋತಾಗ ಸಿಗುವ ಮಾತು ಗೆದ್ದಾಗಿನದಕ್ಕಿಂತ ಸೊಗಸಾಗಿರುವುದು ಅಪರೂಪವಲ್ಲ.

ಈಗ ನನ್ನದೇ ಪಂಗಡದವರಿಗೆ ಎರಡು ಮಾತು. ಬಾಲ್ಡರ್ಸ್ ಗೇಟ್ 3 ಬಂದದ್ದು 2023ರಲ್ಲಿ; ಆ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿಯೂ ಬಂತು. ಅದು ಇಪ್ಪತ್ತು ಮುಖದ ದಾಳವನ್ನು ಪರದೆಯ ನಡುವೆಯೇ ಉರುಳಿಸುತ್ತದೆ, ಬಚ್ಚಿಡುವುದಿಲ್ಲ. 1 ಬಿದ್ದರೆ ಎಂಥ ವಾಗ್ಮಿಯೂ ತೊದಲುತ್ತಾನೆ. ಬಿದ್ದ ತಕ್ಷಣ ಎಫ್8 ಒತ್ತಿ, ಉಳಿಸಿಟ್ಟ ಜಾಗಕ್ಕೆ ವಾಪಸು ಹೋಗಿ, ಮತ್ತೆ ಉರುಳಿಸುವವರು ಎಷ್ಟು ಜನ! ಇವರೇ ನಾಳೆ ನನ್ನ ಹತ್ತಿರ ಬಂದು, ಪಾತ್ರದೊಳಗೆ ಇಳಿಯುವ ಸುಖ ಆ್ಯಕ್ಷನ್ ಹುಡುಗರಿಗೆ ಎಲ್ಲಿ ಅರ್ಥವಾಗಬೇಕು ಎನ್ನುತ್ತಾರೆ. ಆ ಹುಡುಗರು ಸತ್ತರೆ ಸತ್ತೆವೆಂದು ಒಪ್ಪಿಕೊಂಡು ಮುಂದಿನ ಪಂದ್ಯಕ್ಕೆ ಇಳಿಯುತ್ತಾರೆ, ಸ್ವಾಮಿ.

ಭಾಷೆಯ ತೊಡಕು ಬೇರೆ ಇದೆ. ಮೇಲೆ ಹೆಸರಿಸಿದ ಆರ್‌ಪಿಜಿಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ಡಿಸ್ಕೋ ಎಲಿಸಿಯಂನ ಇಂಗ್ಲಿಷು ಇಂಗ್ಲಿಷು ಬಲ್ಲವರನ್ನೂ ಬೆವರಿಳಿಸುತ್ತದೆ. ತಮ್ಮ ಆಕಳಿಸಿದ್ದು ಅದಕ್ಕೂ ಇರಬಹುದು.

ಆದ್ದರಿಂದ ಅಣ್ಣನವರೇ, ಹುಡುಗನಿಗೆ ಮಾರೋವಿಂಡನ್ನೇ ಹಾಕಿಕೊಡಿ. ಹಳೆಯ ಆಟ, ಮನೆಯಲ್ಲಿರುವ ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ. ಮೊದಲೇ ಎರಡು ಮಾತು ಹೇಳಿಡಿ: ಕಸುಬಿನ ಮುಖ್ಯ ವಿದ್ಯೆ ಯಾವುದೋ ಅದೇ ಆಯುಧ ಹಿಡಿ, ಇಲಿ ಕಂಡರೆ ಓಡುವುದು ನಿಲ್ಲಿಸಿ ಉಸಿರು ತಗೋ. ಬಾಲ್ಮೋರಾ ಮುಟ್ಟುವಷ್ಟರಲ್ಲಿ ಏಟು ತಪ್ಪಿದಾಗ ನಗು ಬಂದರೆ ಅವನು ನಮ್ಮವನು. ಸಿಟ್ಟೇ ಬಂದರೆ ಆಟ ಅಳಿಸಿಹಾಕಿ ಫೋನು ವಾಪಸು ಕೊಡಿ, ಪಾಪ ಅವನ ಪಾಡಿಗೆ ಅವನು ಆಡಿಕೊಳ್ಳಲಿ.